ಸಿಟ್ಟಿನ ಮಗನಿಗೆ ಶಾಲೆ ಹುಡುಕಿದ್ದು: ನನ್ನ ಅನುಭವ

ಮಗನ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಕೈಗೆ ಬಂದಿದೆ. ಐದಕ್ಕೆ ಐದೂ ವಿಷಯ ಪಾಸು. ಕನ್ನಡದಲ್ಲಿ ಅರವತ್ತರ ಮೇಲೆ. ಇದೇ ಹುಡುಗನನ್ನು ನೋಡಿ "ಇವನು ಕೈ ತಪ್ಪಿದ, ಬಿಟ್ಬಿಡು" ಅಂದವರು ನಮ್ಮ ಮನೆಯೊಳಗೇ ಇದ್ದರು. ನಮ್ಮ ಭಾವ ಅಂತೂ ಒಂದು ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲೇ ಹೇಳಿದರು: "ನೀನು ಮೋಟಾರ್ ಕಟ್ಟೋನು. ಶಾಲೆ ವಿಷಯ ನಿಂಗೇನು ಗೊತ್ತು? ಗಟ್ಟಿಯಾಗಿ ಬಗ್ಗಿಸೋ ಹಾಸ್ಟೆಲ್‌ಗೆ ಹಾಕು." ಅದಕ್ಕೇ ಈಗ ಬರೆಯುತ್ತಿದ್ದೇನೆ.

ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ತಡೆದುಕೊಳ್ಳಲಾಗದ ತೊಂದರೆ, ಅದನ್ನಾಗಲಿ ಕೌನ್ಸೆಲಿಂಗನ್ನಾಗಲಿ ಉದ್ದಕ್ಕೆ ವಿವರಿಸಲ್ಲ. ಇಂಥ ಮಗುವನ್ನು ಸಾಕುತ್ತಿರುವವರಿಗೆ ಅದೆಲ್ಲ ಗೊತ್ತಿರುತ್ತೆ. ನಾನು ಎಲ್ಲಿ ದುಡ್ಡು ಕಳೆದುಕೊಂಡೆ, ಎಲ್ಲಿ ಮಗನನ್ನೇ ಕಳೆದುಕೊಳ್ಳುತ್ತಿದ್ದೆ, ಕೊನೆಗೆ ಯಾವುದು ಕೈ ಹಿಡಿಯಿತು, ಅಷ್ಟು ಹೇಳ್ತೀನಿ.

ನಮ್ಮದು ತಿಪಟೂರು. ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿ, ಜೊತೆಗೆ ಸ್ವಲ್ಪ ತೆಂಗಿನ ತೋಟ. ಲಾಕ್‌ಡೌನ್ ಮುಗಿದು ಶಾಲೆ ತೆರೆದಾಗ ಮಗ ಎಂಟನೇ ಕ್ಲಾಸು. ಮೂರು ತಿಂಗಳಲ್ಲಿ ಎರಡು ಕಿಟಕಿ ಗಾಜು, ಒಬ್ಬ ಹುಡುಗನ ಹಲ್ಲು, ಒಂದು ಮೇಷ್ಟ್ರ ಮೊಬೈಲು. 2022ರ ಫೆಬ್ರವರಿಯಲ್ಲಿ ಕರೆದು ಟಿಸಿ ಕೊಡ್ತೀವಿ ಅಂತ ಹೇಳಿಬಿಟ್ಟರು. "ಪರೀಕ್ಷೆ ಬರೆಸಿ ಪಾಸ್ ಮಾಡ್ತೀವಿ, ಆಮೇಲೆ ಕರ್ಕೊಂಡು ಹೋಗಿ" ಅಂದರು. ಆಗ ಅದನ್ನೇ ದೊಡ್ಡ ಉಪಕಾರ ಅಂದುಕೊಂಡಿದ್ದೆವು.

ಮೊದಲ ತಪ್ಪು ಭಾವ ಹೇಳಿದ್ದನ್ನು ಕೇಳಿದ್ದು. ಶಿಸ್ತಿಗೆ ಹೆಸರಾದ ವಸತಿ ಶಾಲೆ ಅಂತ ಒಂದು ಕಡೆ ಸೇರಿಸಿದೆವು. ಫೀಸು ಒಂದೂಕಾಲು ಲಕ್ಷ, ಡೊನೇಷನ್ ನಲವತ್ತು ಸಾವಿರ. "ಮೊದಲ ಮೂರು ತಿಂಗಳು ಫೋನ್ ಮಾಡಬೇಡಿ, ನೋಡೋಕೆ ಬರಬೇಡಿ, ಮಗು ಸೆಟ್ ಆಗಬೇಕು" ಅಂದರು. ಸೆಟ್ ಆಗ್ತಾನೆ ಅಂತ ನಾನೂ ನಂಬಿದೆ. ಎರಡನೇ ತಿಂಗಳು ಮನಸ್ಸು ತಡೆಯದೆ ಹೇಳದೇ ಹೋದೆ. ಗೇಟಿನಲ್ಲಿ ಒಂದೂವರೆ ಗಂಟೆ ನಿಲ್ಲಿಸಿದರು. ಕರೆದುಕೊಂಡು ಬಂದಾಗ ಮಗ ನನ್ನ ಮುಖ ನೋಡಲಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಲ್ಲಿ ಇಡ್ಲಿ ತಿನ್ನುವಾಗ ಪ್ಯಾಂಟು ಸ್ವಲ್ಪ ಮೇಲಕ್ಕೆ ಸರಿಯಿತು. ಎರಡೂ ಮಂಡಿಯ ಚರ್ಮ ಕಪ್ಪಗೆ ಒರಟಾಗಿತ್ತು. ಮಂಡಿಯೂರಿಸಿ ನಿಲ್ಲಿಸುತ್ತಿದ್ದರಂತೆ, ಊಟ ಆದಮೇಲೂ. ಅವನನ್ನು ಮತ್ತೆ ಒಳಗೆ ಬಿಡಲಿಲ್ಲ. ಹಾಗೇ ಬಸ್ ಹತ್ತಿಸಿದೆ. ಹಾಸಿಗೆ, ಟ್ರಂಕು ಎಲ್ಲಾ ಅಲ್ಲೇ ಉಳಿಯಿತು. ಒಂದು ಲಕ್ಷದ ಅರವತ್ತೈದು ಸಾವಿರದಲ್ಲಿ ಒಂದು ರೂಪಾಯಿ ವಾಪಸ್ ಬರಲಿಲ್ಲ. ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯೋದನ್ನೂ ಮಾನಸಿಕ ಹಿಂಸೆ ಕೊಡೋದನ್ನೂ ನಿಷೇಧಿಸಿದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಗೊತ್ತಿದ್ದರೆ ಸುಮ್ನೆ ಬರುತ್ತಿರಲಿಲ್ಲ.

ಎರಡನೇ ತಪ್ಪು ಬೋರ್ಡು ನೋಡಿ ನಂಬಿದ್ದು. "ವಿಶೇಷ ಶಾಲೆ" ಅಂತ ಇತ್ತು, ನಮ್ಮ ಹುಡುಗ ವಿಶೇಷವೇ ತಾನೆ ಅಂತ ಸೇರಿಸಿದೆ. ತಿಂಗಳಿಗೆ ಏಳು ಸಾವಿರ. ನಮ್ಮ ಕಡೆ ಆ ಬೋರ್ಡು ಇರುವ ಶಾಲೆಗಳು ಹೆಚ್ಚಿನವು ಬುದ್ಧಿ ಬೆಳವಣಿಗೆ ನಿಧಾನ ಇರುವ ಮಕ್ಕಳಿಗೆ, ಆಟಿಸಂ ಇರುವ ಮಕ್ಕಳಿಗೆ. ಅಲ್ಲಿನ ಮಿಸ್‌ಗಳು ಬಂಗಾರದಂಥವರು. ಆದರೆ ಅದು ಇವನ ಜಾಗ ಅಲ್ಲ. ಅಂಗಡಿಯಲ್ಲಿ ಮಲ್ಟಿಮೀಟರ್ ಹಿಡಿದು ಫಾಲ್ಟ್ ಹುಡುಕುವ ಹುಡುಗನಿಗೆ ಬಣ್ಣದ ಮಣಿ ಪೋಣಿಸೋಕೆ ಕೊಟ್ಟರೆ ಏನಾಗುತ್ತೆ? ಮೂರೇ ತಿಂಗಳು. ಅವರೇ ಪಾಪ, "ಅಣ್ಣಾ, ಇವನನ್ನು ಮೊದಲು ನಿಮ್ಹಾನ್ಸ್‌ಗೆ ತೋರಿಸಿ" ಅಂದರು.

ಅದರ ನಡುವೆ ಇನ್ನೊಂದು ಗಂಡಾಂತರ ತಪ್ಪಿತು. ಪರಿಚಯದವರು ಇಂಥ ಮಕ್ಕಳನ್ನು ಒಳಗಿಟ್ಟು ಸರಿಮಾಡ್ತೀವಿ ಅನ್ನುವ ಒಂದು ಕೇಂದ್ರದ ನಂಬರ್ ಕೊಟ್ಟರು. ರಾತ್ರಿ ಹೊತ್ತು ಗಾಡಿ ತಂದು ಮಲಗಿದ್ದವನನ್ನು ಎತ್ತಿಕೊಂಡು ಹೋಗುತ್ತಾರಂತೆ, ಆರು ತಿಂಗಳು ನೋಡುವ ಹಾಗಿಲ್ಲವಂತೆ. ತಿಂಗಳಿಗೆ ಹದಿನೈದು ಸಾವಿರ. ನಾನು ಹೂಂ ಅನ್ನುವುದರಲ್ಲಿದ್ದೆ. ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. 2017ರ ಮಾನಸಿಕ ಆರೋಗ್ಯ ಕಾಯಿದೆ ಪ್ರಕಾರ ಹದಿನೆಂಟು ತುಂಬದ ಮಗುವನ್ನು ಚಿಕಿತ್ಸೆಗೆ ಒಳಗೆ ಸೇರಿಸಿಕೊಂಡರೆ ಮನೆಯವರೊಬ್ಬರೋ ಅವರು ನೇಮಿಸಿದ ಆಳೋ ಪೂರ್ತಿ ದಿನ ಜೊತೆಯಲ್ಲಿ ಇರಲೇಬೇಕು, ದೊಡ್ಡವರ ವಾರ್ಡಿನಲ್ಲಿ ಇಡುವ ಹಾಗಿಲ್ಲ. "ನೀವು ಬರಬೇಡಿ" ಅನ್ನುವ ಜಾಗ ಯಾವುದೇ ಆಗಲಿ, ಆ ಮಾತಿಗೇ ಎದ್ದು ಬನ್ನಿ. ನಾನು ಒಂದು ಸಲ ಎದ್ದು ಬರದೆ ಮಗನ ಮಂಡಿ ಸವೆಸಿದೆ.

ಇನ್ನು ನನ್ನ ದಾರಿ. ಸುಟ್ಟ ಮೋಟಾರ್ ಅಂಗಡಿಗೆ ಬಂದರೆ ನಾನು ಮೊದಲು ವೈರ್ ಕೀಳಲ್ಲ. ಯಾಕೆ ಸುಟ್ಟಿತು ಅಂತ ನೋಡ್ತೀನಿ. ಲೋಡ್ ಜಾಸ್ತಿಯಾಗಿ ಸುಟ್ಟರೆ ಎಲ್ಲ ಕಾಯಿಲೂ, ಅಂದರೆ ತಂತಿಯ ಸುರುಳಿ, ಒಂದೇ ಸಮ ಕಪ್ಪಾಗಿರುತ್ತೆ. ಮೂರು ಫೇಸ್ ಕರೆಂಟಿನಲ್ಲಿ ಒಂದು ಹೋಗಿ ಓಡಿದ್ದರೆ ಸುಟ್ಟ ಗುರುತೇ ಬೇರೆ. ಕಾರಣ ತಿಳಿಯದೆ ಹೊಸ ತಾಮ್ರ ಸುತ್ತಿ ಕೊಟ್ಟರೆ ವಾರದೊಳಗೆ ಅದೇ ಮೋಟಾರ್ ವಾಪಸ್ ಬರುತ್ತೆ. ಮಗನ ವಿಷಯದಲ್ಲಿ ನಾನು ಒಂದು ವರ್ಷ ಮಾಡಿದ್ದು ಅದನ್ನೇ, ಕಾರಣ ನೋಡದೆ ಶಾಲೆ ಬದಲಿಸಿದ್ದು.

2023ರ ಜನವರಿಯಲ್ಲಿ ಅಂಗಡಿಯ ಒಂದು ಹಳೇ ಬಿಲ್ ಪುಸ್ತಕ ತಗೊಂಡು ಹಾಳೆಗಳ ಹಿಂಬದಿಯಲ್ಲಿ ಬರೆಯೋಕೆ ಶುರು ಮಾಡಿದೆ. ಸಿಟ್ಟು ಬಂದ ಟೈಮು, ಜಾಗ, ಅದಕ್ಕೆ ಮುಂಚಿನ ಐದು ನಿಮಿಷ ಏನಾಯ್ತು, ಎಷ್ಟು ಹೊತ್ತಿಗೆ ಇಳಿಯಿತು. ಯಾರದು ತಪ್ಪು ಅಂತ ಬರೆಯಲಿಲ್ಲ. ಐದು ವಾರದಲ್ಲಿ ಐವತ್ತರ ಹತ್ತಿರ ಎಂಟ್ರಿ ಆದವು. ಓದಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಕಡೆ ಒಂದೇ ವಿಷಯ: ಯಾರೋ ಏನನ್ನೋ ಓದು ಅಂದಿರುತ್ತಾರೆ. ಟ್ಯೂಷನ್ನಿನಲ್ಲಿ ಪಾಠ, ಮನೆಯಲ್ಲಿ ಅಜ್ಜಿಗೆ ಪೇಪರು, ಮದುವೆ ಕಾಗದ. ಉಳಿದಿದ್ದು ಸಂಜೆ ನಾಲ್ಕೂವರೆಗೆ ಹೊಟ್ಟೆ ಹಸಿದಾಗ, ಇಲ್ಲ ಹಿಂದಿನ ರಾತ್ರಿ ನಿದ್ದೆ ಕೆಟ್ಟಾಗ.

ಒಂದು ದಿನ ಪಕ್ಕ ಕೂತು ಪೇಪರಿನ ನಾಲ್ಕು ಸಾಲು ಓದಿಸಿದೆ. "ಮನೆ", "ಮಳೆ" ಎಲ್ಲಾ ಸಲೀಸು. ಒತ್ತಕ್ಷರ ಬಂದ ಕೂಡಲೇ ನಿಂತ. "ರಾಷ್ಟ್ರ" ಅನ್ನುವ ಪದದ ಮೇಲೆ ಬೆರಳು ಇಟ್ಟುಕೊಂಡು ಬೆವರಿದ. ಅರ್ಕಾವತ್ತು ಬಂದರೆ ಊಹೆ ಮಾಡಿ ಏನೋ ಒಂದು ಹೇಳುತ್ತಿದ್ದ. ಹದಿನಾಲ್ಕು ವರ್ಷದ ಹುಡುಗ, ಎಂಟನೇ ಕ್ಲಾಸ್ ಪಾಸು. ಆ ದಿನ ನನಗೆ ಅನ್ನ ಸೇರಲಿಲ್ಲ. ಅವನಿಗೆ ಓದೋಕೆ ಬರಲ್ಲ ಅನ್ನೋದನ್ನು ಮುಚ್ಚಿಕೊಳ್ಳೋಕೆ ಬೆಂಚು ಎತ್ತಿ ಎಸೆಯುತ್ತಿದ್ದ. ನಾವೆಲ್ಲ ಬೆಂಚು ನೋಡಿದೆವು.

ಆ ಬಿಲ್ ಪುಸ್ತಕ ಹಿಡಿದುಕೊಂಡೇ ಬೆಂಗಳೂರಿಗೆ ಹೋದೆವು. ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ಡಾಕ್ಟರು ಅದನ್ನು ಹತ್ತು ನಿಮಿಷ ಕೂತು ಓದಿದರು. "ಇದು ಯಾರು ಹೇಳಿಕೊಟ್ಟಿದ್ದು?" ಅಂತ ಕೇಳಿದರು. ಯಾರೂ ಇಲ್ಲ ಮೇಡಂ, ನಾನೇ ಅಂದೆ. ನಾಲ್ಕೈದು ಸಲ ಓಡಾಡಿದೆವು. ಬುದ್ಧಿಗೆ ಏನೂ ಕಮ್ಮಿ ಇಲ್ಲ, ಕಲಿಕೆಯ ತೊಂದರೆ ಇದೆ, ಜೊತೆಗೆ ಎಡಿಎಚ್‌ಡಿ ಇದೆ ಅಂತ ಬರೆದುಕೊಟ್ಟರು. ಅಲ್ಲಿ ಕಟ್ಟಿದ ದುಡ್ಡಿಗಿಂತ ಟ್ರೇನು, ಆಟೋ, ರೂಮಿನ ಖರ್ಚೇ ಜಾಸ್ತಿ. ಮೈಸೂರು ಕಡೆಯವರಾದರೆ ಓದಿನ ತೊಂದರೆಯ ಪರೀಕ್ಷೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲೂ ಆಗುತ್ತೆ. ಒಂದು ಮಾತು ನೆನಪಿಡಿ: 2016ರ ಅಂಗವಿಕಲರ ಹಕ್ಕು ಕಾಯಿದೆಯ 21 ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ, ಕಲಿಕೆಯ ತೊಂದರೆ ಇದೆ. ನಮಗೆ ಅಂಗವಿಕಲರ ಸರ್ಟಿಫಿಕೇಟ್ ಆಗಿದ್ದು ಅದರ ಮೇಲೆ. ಮಾತ್ರೆ ವಿಷಯ ಬರೆಯಲ್ಲ, ಅದು ನಿಮ್ಮ ಡಾಕ್ಟರ ಕೆಲಸ.

ಕಾರಣ ಕೈಗೆ ಸಿಕ್ಕ ಮೇಲೆ ಶಾಲೆ ಹುಡುಕೋದು ಬೇರೆಯೇ ಕೆಲಸ ಆಯಿತು. ತುಮಕೂರು, ಬೆಂಗಳೂರು, ಮೈಸೂರು ಸೇರಿ ಹನ್ನೊಂದೋ ಹನ್ನೆರಡೋ ಶಾಲೆ ನೋಡಿದೆ. ಕಟ್ಟಡ, ಈಜುಕೊಳ, ಕಂಪ್ಯೂಟರ್ ಲ್ಯಾಬು ನೋಡಲಿಲ್ಲ. ಆಫೀಸಿನಲ್ಲಿ ಕೂತು ಮೊದಲು ಕೇಳುತ್ತಿದ್ದೆ: "ಕೊನೇ ಸಲ ಒಬ್ಬ ಹುಡುಗ ಏನಾದರೂ ಎಸೆದಾಗ ನೀವು ಏನು ಮಾಡಿದಿರಿ?" ಏಳೆಂಟು ಕಡೆ "ನಮ್ಮಲ್ಲಿ ಹಾಗೆಲ್ಲ ಆಗೋದೇ ಇಲ್ಲ" ಅಂದರು. ಇಂಥ ಮಕ್ಕಳನ್ನು ಸೇರಿಸಿಕೊಳ್ಳುವ ಶಾಲೆಯಲ್ಲಿ ಆಗಲ್ಲ ಅಂದರೆ ಒಂದೋ ಸುಳ್ಳು, ಇಲ್ಲ ಹೆದರಿಸಿ ಇಟ್ಟಿದ್ದಾರೆ. ಎರಡು ಕಡೆ "ಪ್ರೀತಿಯಿಂದ ತಿದ್ದುತ್ತೀವಿ" ಅಂದರು. ಹೇಗೆ ಅಂದರೆ ಉತ್ತರ ಇಲ್ಲ.

ಮೈಸೂರಿನ ಹೊರಗೆ ಒಂದು ಸಣ್ಣ ಶಾಲೆ. ಹಾಸ್ಟೆಲ್ ಇಲ್ಲ. ಅಲ್ಲಿನ ಮಿಸ್ ಗೋಡೆಯ ಮೇಲೆ ಗಾರೆ ಕಿತ್ತು ಹೋಗಿದ್ದ ಜಾಗ ತೋರಿಸಿದರು. "ಅದು ಹೋದ ಗುರುವಾರದ್ದು." ಯಾರು ಆ ಹುಡುಗನ ಹತ್ತಿರ ನಿಂತರು, ಉಳಿದ ಮಕ್ಕಳನ್ನು ಯಾರು ಹೊರಗೆ ಕರೆದುಕೊಂಡು ಹೋದರು, ಎಷ್ಟು ಹೊತ್ತು ಯಾರೂ ಮಾತಾಡಲಿಲ್ಲ, ಮನೆಗೆ ಯಾವಾಗ ಫೋನ್ ಮಾಡಿದರು, ಮಾರನೇ ದಿನ ಅವನಿಂದ ಏನು ಮಾಡಿಸಿದರು, ಎಲ್ಲಾ ಹೇಳಿದರು. ಸಿಮೆಂಟ್ ಕಲಸಿ ಅವನೇ ಮುಚ್ಚಬೇಕಿತ್ತು, ಶನಿವಾರಕ್ಕೆ ಇಟ್ಟುಕೊಂಡಿದ್ದರು. ನನಗೆ ಅಲ್ಲೇ ಅರ್ಧ ಮನಸ್ಸು ಆಯಿತು.

ಉಳಿದ ಅರ್ಧಕ್ಕೆ ಕ್ಲಾಸಿನ ತಲೆ ನಾನೇ ಎಣಿಸಿದೆ: ಹದಿನಾಲ್ಕು ಮಕ್ಕಳು, ಇಬ್ಬರು ಮಿಸ್. ಅಡುಗೆಯಮ್ಮ, ಆಯಾ ಎಷ್ಟು ವರ್ಷದಿಂದ ಇದ್ದಾರೆ ಕೇಳಿದೆ. ಆಳುಗಳು ವರ್ಷ ವರ್ಷ ಬದಲಾಗುವ ಕಡೆ ಮಕ್ಕಳು ನೆಮ್ಮದಿಯಾಗಿ ಇರಲ್ಲ, ಇದು ನಾನು ಕಂಡಿದ್ದು. ಯಾರನ್ನೆಲ್ಲ ವಾಪಸ್ ಕಳಿಸಿದ್ದೀರಿ, ಯಾಕೆ, ಅದನ್ನೂ ಕೇಳಿದೆ. ಮಧ್ಯಾಹ್ನದ ಮಾತ್ರೆ ಯಾರ ಕೈಯಲ್ಲಿ ಇರುತ್ತೆ, ಬೀರುವಿಗೆ ಬೀಗ ಇದೆಯಾ ನೋಡಿದೆ. ಶಾಲೆಯ ಊಟದ ಹೊತ್ತಿಗೆ, ಹೇಳದೇ, ಒಳಗೆ ಹೋಗಿ ಮುಕ್ಕಾಲು ಗಂಟೆ ಇರೋಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆದರೆ ನಾಳೆ ಯಾರಿಗೂ ನಡೆಯಲ್ಲ, ಹಾಗಾಗಿ ಬಿಡ್ತೀನಿ. ಶಾಲೆಯ ಹೆಸರೂ ಬರೆಯಲ್ಲ. ನಿಮ್ಮ ಬಿಲ್ ಪುಸ್ತಕದಲ್ಲಿ ಬೇರೆ ಕಾರಣ ಬಂದರೆ ಆ ಶಾಲೆ ನಿಮಗೆ ಆಗಲ್ಲ.

ವರ್ಷದ ಫೀಸು ಒಟ್ಟಿಗೆ ಕಟ್ಟಲಿಲ್ಲ. ಎರಡು ವಾರ ಕೂರಿಸಿ ನೋಡ್ತೀವಿ, ಅದಕ್ಕೆ ಬೇರೆ ದುಡ್ಡು ಕೊಡ್ತೀವಿ ಅಂದೆ. ಐದು ಸಾವಿರ ತಗೊಂಡರು. ಒಂಬತ್ತನೇ ದಿನ ಮಗ ಕುರ್ಚಿ ಎಸೆದ. ನಾನು ಕಾಯುತ್ತಿದ್ದಿದ್ದೇ ಅದಕ್ಕೆ. ಅವರು ಹೇಳಿದ್ದ ಹಾಗೇ ಮಾಡಿದರು. ಮಾರನೇ ದಿನ ಫೀಸು ಕಟ್ಟಿದೆ, ವರ್ಷಕ್ಕೆ ತೊಂಬತ್ತೈದು ಸಾವಿರ, ಮೂರು ಕಂತು.

ಹೆಂಡತಿ, ಮಗ ಮೈಸೂರಿಗೆ ಹೋದರು. ಬಾಡಿಗೆ ಎಂಟೂವರೆ ಸಾವಿರ, ಅಡ್ವಾನ್ಸ್ ಐವತ್ತು. ನಾನು ಶನಿವಾರ ಅಂಗಡಿ ಮುಚ್ಚಿ ಚನ್ನರಾಯಪಟ್ಟಣದ ಮೇಲೆ ಬಸ್ಸು. ಆ ವರ್ಷವೇ ಕೊಬ್ಬರಿ ಬೆಲೆ ಬಿದ್ದು ಹೋಗಿತ್ತು, ನೆನಪಿರಬೇಕಲ್ವಾ, ಕ್ವಿಂಟಾಲಿಗೆ ಎಂಟು ಸಾವಿರದ ಆಸುಪಾಸು. ಅವಳ ನಾಲ್ಕು ಬಳೆ ಗಿರವಿ ಇಟ್ಟೆ. ಎರಡು ಬಿಡಿಸಿದ್ದೇನೆ, ಇನ್ನೆರಡು ಇವೆ. "ಸಂಸಾರ ಎರಡು ಊರು ಮಾಡ್ಕೊಂಡ" ಅಂತ ಆಡಿಕೊಂಡರು. ಆಡಿಕೊಳ್ಳಲಿ. ಸಂಜೆ ಮನೆಗೆ ಬಂದ ಮಗನಿಗೆ ನಾಲ್ಕೂಕಾಲಕ್ಕೆ ಅವಳು ಬಿಸಿ ರೊಟ್ಟಿ ಹಾಕುತ್ತಿದ್ದಳು. ನಾಲ್ಕೂವರೆಯ ಸಿಟ್ಟು ಒಂದೇ ತಿಂಗಳಲ್ಲಿ ಮಾಯ.

ನಡುವೆ ಏನೇನೋ ಮಾಡಿ ನೋಡಿದೆ. ಮೊಬೈಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ, ಬೀಗ ಒಡೆದ. ಆಮೇಲೆ ರಾತ್ರಿ ಒಂಬತ್ತಕ್ಕೆ ಮೂವರ ಮೊಬೈಲೂ ಅಡುಗೆ ಮನೆಯಲ್ಲಿ ಅಂತ ಮಾಡಿದೆವು, ನಡೆಯಿತು. ಕರಾಟೆಗೆ ಸೇರಿಸಿದ್ದು ಉಲ್ಟಾ ಹೊಡೆಯಿತು. ರಜೆಯಲ್ಲಿ ಅಂಗಡಿಯಲ್ಲಿ ನನ್ನ ಪಕ್ಕ ಕೂತು ಕಾಯಿಲ್ ಸುತ್ತಿದ್ದು ಎಲ್ಲಕ್ಕಿಂತ ಚೆನ್ನಾಗಿ ಆಯಿತು. ಒಂದು ಕಾಯಿಲಿಗೆ ಇಷ್ಟೇ ಸುತ್ತು ಅಂತ ಲೆಕ್ಕ. ನಡುವೆ ಮಾತಾಡಿಸಿದರೆ ಲೆಕ್ಕ ತಪ್ಪುತ್ತೆ. ಆ ಹುಡುಗ ತುಟಿ ಅಲ್ಲಾಡಿಸಿಕೊಂಡು ಎಣಿಸುತ್ತಾ ಎರಡು ಗಂಟೆ ಅಲುಗದೆ ಕೂತ. ಅದನ್ನು ಫೋನಲ್ಲಿ ವಿಡಿಯೋ ಮಾಡಿ ಮಿಸ್‌ಗೆ ಕಳಿಸಿದೆ. ಅವರು ಗಣಿತವನ್ನು ಅಲ್ಲಿಂದಲೇ ಶುರು ಮಾಡಿದರು. ಒತ್ತಕ್ಷರಕ್ಕೂ ಒಂದು ದಾರಿ ಹುಡುಕಿಕೊಂಡೆವು, ಮೋಟಾರಿನೊಳಗೆ ತಂತಿಯ ಕೆಳಗೆ ಹಾಕುವ ದಪ್ಪ ಸ್ಲಾಟ್ ಪೇಪರ್ ಕತ್ತರಿಸಿ. ಮೇಲಿನ ಅಕ್ಷರ ಒಂದು ತುಂಡು, ಒತ್ತು ಇನ್ನೊಂದು ತುಂಡು, ಕೈಯಲ್ಲಿ ಕೂಡಿಸಿ ಓದುವುದು.

ಪರೀಕ್ಷೆಗೆ ಕೇಂದ್ರ ಸರ್ಕಾರದ ಓಪನ್ ಸ್ಕೂಲ್ ಹಿಡಿದೆವು, ಎನ್‌ಐಒಎಸ್. ಹದಿನಾಲ್ಕು ತುಂಬಿದ್ದರೆ ಹತ್ತನೇ ಕ್ಲಾಸಿಗೆ ಸೇರಬಹುದು. ಐದು ವರ್ಷದಲ್ಲಿ ಒಂಬತ್ತು ಅವಕಾಶ, ವರ್ಷಕ್ಕೆ ಎರಡು ಸಲ ಪರೀಕ್ಷೆ, ಎಲ್ಲಾ ವಿಷಯ ಒಟ್ಟಿಗೆ ಬರೆಯಬೇಕು ಅಂತಿಲ್ಲ. ನಮ್ಮವನು ಕನ್ನಡ, ಹೋಮ್ ಸೈನ್ಸ್, ಡೇಟಾ ಎಂಟ್ರಿ ಮೊದಲು ಬರೆದ. ಆರು ತಿಂಗಳು ಬಿಟ್ಟು ಇನ್ನೆರಡು. ಸರ್ಟಿಫಿಕೇಟ್ ಇದ್ದಿದ್ದರಿಂದ ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ ಸಿಕ್ಕಿತು. ಈಗ ಐಟಿಐಗೆ ಅರ್ಜಿ ಹಾಕುತ್ತಿದ್ದಾನೆ, ಎಲೆಕ್ಟ್ರೀಷಿಯನ್. ಭಾವ ಫೋನ್ ಮಾಡಿದ್ದರು. ಅವರ ಪರಿಚಯದವರ ಮಗ ಒಬ್ಬ ಹೀಗೇ ಮಾಡ್ತಾನಂತೆ, ಯಾವ ಶಾಲೆ ಅಂತ ಕೇಳಿದರು. ಮೊದಲು ಒಂದು ಹಳೇ ಬಿಲ್ ಪುಸ್ತಕ ತಗೊಳ್ಳೋಕೆ ಹೇಳಿ ಅಂದೆ.

ಸಿಟ್ಟು ಪೂರ್ತಿ ಹೋಗಿಲ್ಲ. ಹೋದ ತಿಂಗಳು ಯಾರೋ ಅವನ ಓದನ್ನು ಅಣಕಿಸಿದ್ದಾರೆ. ಕುರ್ಚಿ ಎತ್ತಿದನಂತೆ. ಕೆಳಗೆ ಇಟ್ಟು, ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ಕೂತು, ಆಮೇಲೆ ತಾನೇ ಒಳಗೆ ಬಂದನಂತೆ. ಶಾಲೆಯಿಂದ ನನಗೆ ಫೋನೂ ಬರಲಿಲ್ಲ. ಶನಿವಾರ ಬಸ್ಸಿಳಿದಾಗ ಅವನೇ ಹೇಳಿದ. "ಎಷ್ಟು ಹೊತ್ತು ಕೂತಿದ್ದೆ ಮಗಾ?" ಅಂದೆ. "ಹನ್ನೆರಡು ನಿಮಿಷ ಅಪ್ಪ, ಬರ್ಕೋ" ಅಂದ.