ಲ್ಯಾಂಡ್‌ಲೈನ್ ನಂಬರ್ ಉಳಿಸಿಕೊಂಡೇ ಮನೆಯ ಬಿಲ್ ಇಳಿಸಿದ ಬಗೆ

ಶಿವಮೊಗ್ಗದ ನಮ್ಮ ಮನೆಯಲ್ಲಿ ಅಪ್ಪ, ಅಮ್ಮ, ನಾನು, ಹೆಂಡತಿ, ಪಿಯುಸಿ ಓದುವ ಮಗಳು, ಒಟ್ಟು ಐದು ಜನ. ಲ್ಯಾಂಡ್‌ಲೈನ್, ಖಾಸಗಿ ಕಂಪನಿಯ ಇಂಟರ್‌ನೆಟ್, ಎರಡು ಟಿವಿಗೆ ಡಿಟಿಎಚ್, ನಾಲ್ಕು ಮೊಬೈಲ್ ಎಲ್ಲ ಸೇರಿ ತಿಂಗಳಿಗೆ ಸುಮಾರು 3,600 ರೂಪಾಯಿ ಹೋಗುತ್ತಿತ್ತು. 2024ರ ಜುಲೈನಲ್ಲಿ ಖಾಸಗಿ ಮೊಬೈಲ್ ಕಂಪನಿಗಳು ಒಂದರ ಹಿಂದೆ ಒಂದು ದರ ಏರಿಸಿದ ಮೇಲೆ ಇದನ್ನು ಕೂತು ನೋಡಲೇಬೇಕು ಅನ್ನಿಸಿತು. ಈಗ 2,000ದ ಒಳಗೆ ಮುಗಿಯುತ್ತಿದೆ.

ಲ್ಯಾಂಡ್‌ಲೈನಿನಿಂದಲೇ ಶುರು ಮಾಡಿದೆ. 08182 ಕೋಡಿನ ಆ ನಂಬರ್ ಬಿಡಲು ಅಪ್ಪ ಸುತಾರಾಂ ಒಪ್ಪಲಿಲ್ಲ. ತೀರ್ಥಹಳ್ಳಿ ಕಡೆಯ ನೆಂಟರು, ಅಡಿಕೆ ಮಂಡಿಯವರು ಇವತ್ತಿಗೂ ಅದಕ್ಕೇ ಫೋನ್ ಮಾಡುವುದು. ಮೊಬೈಲ್ ನಂಬರಿನ ಹಾಗೆ ಲ್ಯಾಂಡ್‌ಲೈನ್ ನಂಬರನ್ನು ಬೇರೆ ಕಂಪನಿಗೆ ಒಯ್ಯುವ ವ್ಯವಸ್ಥೆ ನಮ್ಮಲ್ಲಿಲ್ಲ. ಆದರೆ ಬಿಎಸ್‌ಎನ್‌ಎಲ್‌ನ ತಾಮ್ರದ ತಂತಿಯ ಫೋನನ್ನು ಅದೇ ನಂಬರ್ ಇಟ್ಟುಕೊಂಡು ಬಿಎಸ್‌ಎನ್‌ಎಲ್ ಫೈಬರಿಗೆ ಬದಲಾಯಿಸಿಕೊಳ್ಳಬಹುದು. ಫೈಬರ್ ಪ್ಲಾನಿನಲ್ಲಿ ಇಂಟರ್‌ನೆಟ್ ಜೊತೆ ಕರೆಯೂ ಸೇರಿರುತ್ತದೆ. ಹೀಗೆ ಫೋನಿಗೊಂದು, ಇಂಟರ್‌ನೆಟ್ಟಿಗೊಂದು ಕಟ್ಟುತ್ತಿದ್ದ ಎರಡು ಬಿಲ್ ಒಂದಾಯಿತು. ನಮಗೆ ಹೆಚ್ಚು ಹಣ ಉಳಿದಿದ್ದು ಇಲ್ಲೇ.

ಹೊಸ ಪ್ಲಾನಿನ ವೇಗ ಹಳೆಯದರ ಅರ್ಧಕ್ಕಿಂತ ಕಡಿಮೆ. ಮಗಳಿಗೆ ಆತಂಕವಿತ್ತು. ಒಂದು ಎಚ್‌ಡಿ ವಿಡಿಯೋಗೆ 5 ಎಂಬಿಪಿಎಸ್ ವೇಗ ಇದ್ದರೆ ಸಾಕು, ಮೂವರು ಒಟ್ಟಿಗೆ ನೋಡಿದರೂ ಹದಿನೈದೋ ಇಪ್ಪತ್ತೋ ಆಗುತ್ತದೆ. ಅವಳ ರೂಮಿನಲ್ಲಿ ಕ್ಲಾಸ್ ತಡವರಿಸುತ್ತಿದ್ದುದಕ್ಕೆ ಕಾರಣ ಪ್ಲಾನಿನ ವೇಗವಲ್ಲ, ಹಳೇ ಮನೆಯ ದಪ್ಪ ಗೋಡೆಗಳು. ರೂಟರ್ ಜಗಲಿಯ ಮೂಲೆಯಲ್ಲಿತ್ತು. ಫೈಬರ್ ಎಳೆಯಲು ಬಂದ ಹುಡುಗನಿಗೆ, "ಇನ್ನೊಂದಿಷ್ಟು ಕೇಬಲ್ ಬಿಡಪ್ಪ, ನಡುಮನೆಗೇ ತಂದುಬಿಡು" ಎಂದೆ. ಕಡಿಮೆ ವೇಗದ ಪ್ಲಾನಿನಲ್ಲೂ ಈಗ ಅವಳ ರೂಮಿಗೆ ಮೊದಲಿಗಿಂತ ಚೆನ್ನಾಗಿ ಸಿಗುತ್ತಿದೆ. ವೇಗ ಹೆಚ್ಚಿಸಲು ದುಡ್ಡು ಹಾಕುವ ಮುಂಚೆ ರೂಟರಿನ ಜಾಗ ಬದಲಿಸಿ ನೋಡಿ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

ಮಲೆನಾಡಿನ ಕಡೆಯವರು ಇನ್ನೊಂದು ವಿಷಯ ತಿಳಿದಿರಬೇಕು. ತಾಮ್ರದ ಲೈನಿನ ಫೋನಿಗೆ ಬೇಕಾದ ವಿದ್ಯುತ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಹಾಗಾಗಿ ಮನೆಯಲ್ಲಿ ಕರೆಂಟ್ ಹೋದರೂ ಫೋನ್ ಬದುಕಿರುತ್ತಿತ್ತು. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ಹರಿಯುವುದು ಬೆಳಕು ಮಾತ್ರ. ಮನೆಯ ಕರೆಂಟ್ ಹೋದ ತಕ್ಷಣ ಮೋಡೆಮ್ ಆರುತ್ತದೆ, ಅದರ ಜೊತೆಗೇ ಫೋನೂ ಸತ್ತಂತೆ. ವಯಸ್ಸಾದವರಿರುವ ಮನೆಯಲ್ಲಿ ಇದನ್ನು ಕಡೆಗಣಿಸುವ ಹಾಗಿಲ್ಲ. ಸಾವಿರದ ಚಿಲ್ಲರೆ ಕೊಟ್ಟು ಮೋಡೆಮ್ಮಿಗೆಂದೇ ಪುಟ್ಟ ಯುಪಿಎಸ್ ತಂದೆ, ಕೆಲವು ಗಂಟೆ ತಡೆಯುತ್ತದೆ. ಕೊಳ್ಳುವಾಗ ಮೋಡೆಮ್ಮಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿಕೊಂಡು ಅದಕ್ಕೆ ಹೊಂದುವುದನ್ನೇ ಕೇಳಿ.

ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಒಂದೆರಡು ತಿಂಗಳು ಉಚಿತ ಎಂದು ಬಹಳ ಕಂಪನಿಗಳು ಹೇಳುತ್ತವೆ. ಮೊದಲ ವರ್ಷ ಅದಕ್ಕೆ ಕೈ ಹಾಕಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಕಡೆ ಕೇಬಲ್ ಹೋಗುವುದು ಕಂಬದಿಂದ ಕಂಬಕ್ಕೆ, ಮರಗಳ ನಡುವೆ. ಒಂದು ಕೊಂಬೆ ಬಿದ್ದರೆ ಲೈನ್ ಹೋಯಿತು. ಆಮೇಲೆ ಅದನ್ನು ಎಷ್ಟು ಬೇಗ ಸರಿ ಮಾಡುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ಒಂದು ಮಳೆಗಾಲ ಕಳೆಯಲಿ, ಆಮೇಲೆ ವರ್ಷದ ಮಾತು. ಹೊಸ ಲೈನ್ ಸರಿಯಾಗಿ ಓಡುವುದು ಖಾತ್ರಿಯಾಗುವವರೆಗೆ ಹಳೇ ಇಂಟರ್‌ನೆಟ್ಟನ್ನೂ ಇಟ್ಟುಕೊಂಡಿದ್ದೆ. ಆ ಒಂದು ತಿಂಗಳ ಎರಡು ಬಿಲ್ ದಂಡ ಅಂತ ನನಗೆ ಅನ್ನಿಸಲಿಲ್ಲ.

ಮನೆಯ ವೈಫೈ ಗಟ್ಟಿಯಾದ ಮೇಲೆ ಮೊಬೈಲಿಗೆ ಬಂದೆ. ಅಮ್ಮ ಹೊರಗೆ ಹೋದಾಗ ಇಂಟರ್‌ನೆಟ್ ಬಳಸುವುದೇ ಇಲ್ಲ. ಆದರೂ ದಿನಕ್ಕೆ ಒಂದೂವರೆ ಜಿಬಿಗೆ ದುಡ್ಡು ಕಟ್ಟುತ್ತಿದ್ದೆವು. ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು, ಮುಂದಿನ ತಿಂಗಳಿಂದ ಕಂಪನಿಗಳು ಅಂಥ ಪ್ಯಾಕ್ ತಂದವು. ಆ್ಯಪ್‌ನಲ್ಲಿ ಅವು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ, ಹುಡುಕಬೇಕು. ಅಮ್ಮನಿಗೆ ಅದನ್ನೇ ಹಾಕಿಸಿದೆ. ಅಪ್ಪ ಪೇಟೆಯಲ್ಲಿ ಯುಪಿಐ ಮೂಲಕ ದುಡ್ಡು ಕೊಡುತ್ತಾರೆ, ಹಾಗಾಗಿ ಅವರದು ಡೇಟಾ ಇರುವ ಪ್ಯಾಕೇ ಇರಲಿ ಎಂದು ಬಿಟ್ಟೆ.

ನನ್ನದೂ ಹೆಂಡತಿಯದೂ ಪೋಸ್ಟ್‌ಪೇಯ್ಡ್ ಇತ್ತು, ಅವನ್ನು ಬೇರೆ ಕಂಪನಿಯ ಪ್ರೀಪೇಯ್ಡಿಗೆ ಪೋರ್ಟ್ ಮಾಡಿದೆವು, ಅಂದರೆ ನಂಬರ್ ಹಾಗೇ ಇಟ್ಟುಕೊಂಡು ಕಂಪನಿ ಬದಲಿಸಿದೆವು. ಅದಕ್ಕೆ ಮೊದಲು, ಆ ಕಂಪನಿಯ ಸಿಮ್ ಇರುವ ನೆಂಟರನ್ನು ಮನೆಗೆ ಕರೆದು, ಒಳಕೋಣೆಯಲ್ಲಿ ಸಿಗ್ನಲ್ ಬರುತ್ತದೆಯೇ ಎಂದು ನೋಡಿಕೊಂಡೆ. ಹೊಸನಗರದ ಊರಿಗೆ ಹೋದಾಗಲೂ ವಿಚಾರಿಸಿದೆ. ಪೋರ್ಟ್ ಮಾಡುವುದು ಕಷ್ಟವಿಲ್ಲ. ಪೋಸ್ಟ್‌ಪೇಯ್ಡ್ ಬಾಕಿಯನ್ನು ಪೂರ್ತಿ ಕಟ್ಟಿ, ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಎಂಟು ಅಕ್ಷರದ ಕೋಡ್ ಬರುತ್ತದೆ. ನಮ್ಮ ಕಡೆ ಅದಕ್ಕೆ ನಾಲ್ಕು ದಿನದ ಆಯುಸ್ಸು. ಅಷ್ಟರಲ್ಲಿ ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ರಾಜ್ಯದೊಳಗೇ ಆದರೆ ಮೂರು ಕೆಲಸದ ದಿನಗಳಲ್ಲಿ ಮುಗಿಯುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಲೇಬೇಕು. ಸಿಮ್ ಕಳೆದುಹೋಗಿ ಹೊಸದು ಪಡೆದಿದ್ದರೆ ಏಳು ದಿನ ಕೋಡ್ ಕೊಡುವುದಿಲ್ಲ. ಬದಲಾಗುವ ಹೊತ್ತಿನಲ್ಲಿ ಕೆಲವು ಗಂಟೆ ಫೋನ್ ಸತ್ತಿರುತ್ತದೆ, ಬ್ಯಾಂಕಿನ ಒಟಿಪಿ ಬೇಕಾಗುವ ದಿನ ಇದನ್ನು ಇಟ್ಟುಕೊಳ್ಳಬೇಡಿ. ಇಬ್ಬರದೂ ಒಟ್ಟಿಗೆ ಮಾಡದೆ, ಹೆಂಡತಿಯ ನಂಬರ್ ಪೂರ್ತಿಯಾದ ಮೇಲೆ ನನ್ನದು ಕೊಟ್ಟೆ.

ಪ್ಯಾಕ್ ಹೋಲಿಸುವಾಗ ಒಟ್ಟು ಬೆಲೆಯನ್ನು ದಿನಗಳಿಂದ ಭಾಗಿಸಿ ನೋಡಿ. 28 ದಿನದ ಪ್ಯಾಕ್ ಹಾಕಿಸಿದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್ ಆಗುತ್ತದೆ.

ಟಿವಿ ಬಗ್ಗೆ ಅಮ್ಮನ ಜೊತೆ ಒಂದು ಸಂಜೆ ಕೂತು, ನಿಜವಾಗಿ ನೋಡುವ ಚಾನೆಲ್‌ಗಳನ್ನು ಬರೆದುಕೊಂಡೆ. ಒಂದು ಕೈ ಬೆರಳಿನಷ್ಟೂ ಆಗಲಿಲ್ಲ. 2019ರ ಫೆಬ್ರುವರಿಯಿಂದ ನಮಗೆ ಬೇಕಾದ ಚಾನೆಲ್ಲನ್ನು ಮಾತ್ರ ಆರಿಸಿಕೊಳ್ಳುವ ಹಕ್ಕಿದೆ. ಬಿಲ್ಲಿನಲ್ಲಿ ಚಾನೆಲ್ ಬೆಲೆ ಬೇರೆ, ಸಂಪರ್ಕದ ಶುಲ್ಕ ಬೇರೆ, ಎರಡರ ಮೇಲೂ 18% ಜಿಎಸ್‌ಟಿ. ನಮ್ಮ ಪ್ಯಾಕಿನಲ್ಲಿ ಒಂದೇ ಚಾನೆಲ್ಲಿನ ಎಚ್‌ಡಿ ಮತ್ತು ಸಾದಾ ರೂಪ ಎರಡೂ ಇದ್ದವು, ಎರಡಕ್ಕೂ ದುಡ್ಡು. ಸಾದಾ ಉಳಿಸಿ ಎಚ್‌ಡಿ ತೆಗೆಸಿದೆ. ಕ್ರೀಡಾ ಚಾನೆಲ್ ಬೇಕಾದ ತಿಂಗಳು ಮಾತ್ರ ಸೇರಿಸುತ್ತೇವೆ. ಮಗಳ ರೂಮಿನ ಎರಡನೇ ಬಾಕ್ಸ್ ನಿಲ್ಲಿಸಿದೆವು, ಆ ಟಿವಿ ಈಗ ವೈಫೈನಲ್ಲೇ ನಡೆಯುತ್ತದೆ. ತಿಂಗಳ ಬಾಡಿಗೆಯೇ ಇಲ್ಲದ ಡಿಡಿ ಫ್ರೀ ಡಿಶ್ ಕೂಡ ಯೋಚಿಸಿದ್ದೆ. ಚಂದನ ಸಿಗುತ್ತದೆ, ಆದರೆ ನಾನು ವಿಚಾರಿಸಿದಾಗ ಅಮ್ಮನ ಧಾರಾವಾಹಿಯ ಚಾನೆಲ್ ಅದರಲ್ಲಿರಲಿಲ್ಲ. ಅವರ ಸಂಜೆಯನ್ನು ಕಿತ್ತುಕೊಂಡು ಉಳಿಸುವ ದುಡ್ಡು ನನಗೆ ಬೇಡವಾಗಿತ್ತು.

ಕೊನೆಗೆ ಹಳೇ ಸಂಪರ್ಕ ಮುಚ್ಚಿಸಿದ್ದು. ಫೋನಿನಲ್ಲಿ ಹೇಳಿದರೆ ಸಾಲದು, ಇಮೇಲ್ ಕಳಿಸಿ ದೂರು ಸಂಖ್ಯೆಯ ಹಾಗೆ ಅದಕ್ಕೂ ಒಂದು ಸಂಖ್ಯೆ ಪಡೆಯಿರಿ. ರೂಟರ್ ವಾಪಸ್ ಕೊಡುವ ಮುಂಚೆ ಅದರ ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಟುಕೊಂಡು, ಕೊಟ್ಟದ್ದಕ್ಕೆ ರಸೀದಿ ಕೇಳಿ. ಡೆಪಾಸಿಟ್ ಇದ್ದರೆ ಅದರ ಮಾತನ್ನೂ ಅದೇ ಇಮೇಲಿನಲ್ಲಿ ಬರೆಯಿರಿ. ಯುಪಿಐ ಆ್ಯಪ್‌ನೊಳಗೆ ಆಟೋಪೇ ಎಂಬ ಪಟ್ಟಿ ಇರುತ್ತದೆ, ಹಳೇ ಕಂಪನಿಗೆ ಕೊಟ್ಟ ಅನುಮತಿಯನ್ನು ಅಲ್ಲಿಂದ ತೆಗೆಯಬೇಕು. ನಾನು ಅದನ್ನು ತೆಗೆಯಲು ಹೋದಾಗ, ಮನೆಯಲ್ಲಿ ಯಾರೂ ನೋಡದ ಒಂದು ಸಿನಿಮಾ ಆ್ಯಪ್‌ಗೂ ತಿಂಗಳು ತಿಂಗಳು ದುಡ್ಡು ಹೋಗುತ್ತಿರುವುದು ಅದೇ ಪಟ್ಟಿಯಲ್ಲಿ ಸಿಕ್ಕಿತು. ಅದನ್ನೂ ಅಲ್ಲೇ ನಿಲ್ಲಿಸಿದೆ.