ಬಳೆಯಂತಿರುವ ಡಿಎನ್‌ಎ ಮತ್ತು ನಮ್ಮ ತಂತ್ರಾಂಶ

ತುಮಕೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಂತಿಮ ವರ್ಷದ ಪ್ರಾಜೆಕ್ಟ್‌ಗೆಂದು ನಾವು ಐವರು ಸೇರಿದೆವು: ಕಂಪ್ಯೂಟರ್ ಸೈನ್ಸ್‌ನ ಮೂವರು, ಬಯೋಟೆಕ್ನಾಲಜಿಯ ಇಬ್ಬರು. ಡಿಎನ್‌ಎ ತುಣುಕುಗಳನ್ನು ಜೋಡಿಸುವ ಮುನ್ನ, ಕಿಣ್ವಗಳು ಬೇಡದ ಕಡೆ ಕತ್ತರಿಸುವ ಜಾಗ ಅವುಗಳಲ್ಲಿ ಇದೆಯೇ ಎಂದು ಹುಡುಕಿ ಹೇಳುವ ತಂತ್ರಾಂಶ ನಮ್ಮ ಗುರಿ. ತುಣುಕುಗಳನ್ನು ಜೋಡಿಸುವ ಬಯೋಬ್ರಿಕ್ ಎಂಬ ಪದ್ಧತಿಯಲ್ಲಿ ಇಕೋ ಆರ್ ಒನ್ ಕಿಣ್ವ ತುಣುಕಿನ ತುದಿಯನ್ನು ಮಾತ್ರ ಕತ್ತರಿಸಬೇಕು. ಅದು ಗುರುತಿಸುವ ಜಿ-ಎ-ಎ-ಟಿ-ಟಿ-ಸಿ ಎಂಬ ಆರಕ್ಷರ ನಡುವೆ ಎಲ್ಲಾದರೂ ಇದ್ದರೆ ತುಣುಕೇ ತುಂಡಾಗುತ್ತದೆ.

ಪೈಥಾನ್‌ನಲ್ಲಿ ಅಕ್ಷರ ಹುಡುಕುವುದು ಎಷ್ಟರ ಕೆಲಸ? ಎರಡು ಸಂಜೆಯಲ್ಲಿ ಮುಗಿಸಿದೆವು.

ಬಯೋಟೆಕ್ನಾಲಜಿಯ ಗೆಳತಿ ಅದನ್ನು ನೋಡಿ, 'ಕೊನೆಯ ಅಕ್ಷರದ ಮುಂದೆ ಏನಿದೆ?' ಎಂದು ಕೇಳಿದಳು. ಏನೂ ಇಲ್ಲ ಎಂದೆವು. ಆಕೆ ರೆಕಾರ್ಡ್ ಪುಸ್ತಕದಿಂದ ಹಾಳೆಯ ಪಟ್ಟಿಯೊಂದನ್ನು ಹರಿದು, ಅದರ ಆರಂಭದಲ್ಲಿ ಟಿ-ಟಿ-ಸಿ, ಕೊನೆಯಲ್ಲಿ ಜಿ-ಎ-ಎ ಬರೆದು, ಎರಡೂ ತುದಿಗಳನ್ನು ಗೋಂದಿನಿಂದ ಅಂಟಿಸಿದಳು. ಕಾಗದ ಬಳೆಯಾಯಿತು, ಅಂಟಿದ ಜಾಗದಲ್ಲೇ ಕಿಣ್ವದ ಗುರುತು ಎದ್ದು ಕಂಡಿತು. ತುಣುಕುಗಳನ್ನು ಸೇರಿಸುವ ಪ್ಲಾಸ್ಮಿಡ್ ಎಂದರೆ ಡಿಎನ್‌ಎಯ ಪುಟ್ಟ ಉಂಗುರ. ಅದಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಒಂದನೆಯ ಅಕ್ಷರ ಎಂಬುದು ನಾವು ಇಟ್ಟುಕೊಂಡ ಲೆಕ್ಕ ಮಾತ್ರ. ಮೊದಲ ಐದು ಅಕ್ಷರಗಳನ್ನು ಸಾಲಿನ ಕೊನೆಗೂ ಸೇರಿಸಿ ಹುಡುಕಿದಾಗ ತಪ್ಪು ಸರಿಹೋಯಿತು. ಜೀವಶಾಸ್ತ್ರದ ಕೆಲಸಕ್ಕೆಂದಿರುವ ಪೈಥಾನ್ ಕೋಡ್ ಸಂಗ್ರಹ ಬಯೋಪೈಥಾನ್‌ನಲ್ಲಿ ಈ ಸೌಲಭ್ಯ ಸಿದ್ಧವಾಗಿಯೇ ಇದೆ. ಆದರೆ ಉಂಗುರ ಎಂದು ನಾವಾಗಿ ಹೇಳದಿದ್ದರೆ ಅದೂ ನೇರ ಎಳೆಯೆಂದೇ ಎಣಿಸುತ್ತದೆ.

ಇಕೋ ಆರ್ ಒನ್‌ನ ಗುರುತನ್ನು ಡಿಎನ್‌ಎಯ ಯಾವ ಎಳೆಯಲ್ಲಿ ಓದಿದರೂ ಒಂದೇ. ಗೋಲ್ಡನ್ ಗೇಟ್ ಎಂಬ ಇನ್ನೊಂದು ಜೋಡಣಾ ಪದ್ಧತಿಯ ಬಿಎಸ್‌ಎ ಒನ್ ಕಿಣ್ವ ಹಾಗಲ್ಲ: ಒಂದು ಎಳೆಯ ಜಿ-ಜಿ-ಟಿ-ಸಿ-ಟಿ-ಸಿ ಇನ್ನೊಂದರಲ್ಲಿ ಜಿ-ಎ-ಜಿ-ಎ-ಸಿ-ಸಿ. ಎರಡನ್ನೂ ಹುಡುಕಬೇಕು.

ನನಗೆ ಹೆಚ್ಚು ಭಯ ಹುಟ್ಟಿಸಿದ್ದು ತಿದ್ದುಪಡಿಯ ಭಾಗ, ಅಂದರೆ ಸಿಕ್ಕ ಗುರುತನ್ನು ಅಳಿಸಲು ಒಂದು ಅಕ್ಷರ ಬದಲಿಸುವುದು. ಜೀವಕೋಶ ಡಿಎನ್‌ಎಯನ್ನು ಮೂರು ಮೂರು ಅಕ್ಷರವಾಗಿ ಓದಿ, ಪ್ರತಿ ಮೂರಕ್ಕೂ ಪ್ರೋಟೀನಿನ ಒಂದು ಅಮೈನೋ ಆಮ್ಲ ಜೋಡಿಸುತ್ತದೆ. ಜಿ-ಎ-ಎಯನ್ನು ಜಿ-ಎ-ಜಿ ಮಾಡಿದರೆ ಕಿಣ್ವದ ಗುರುತು ಅಳಿಯುತ್ತದೆ, ಎರಡರಿಂದಲೂ ಬರುವುದು ಗ್ಲುಟಮಿಕ್ ಆಮ್ಲವೇ. ಆದರೆ ಮೂರು ಮೂರಾಗಿ ಓದುವ ಲೆಕ್ಕ ಆ ಜಿಯಿಂದಲೇ ಶುರುವಾಗಿರಬೇಕು. ಹಿಂದಿನ ಮೂರಕ್ಷರ ಆ ಜಿಯಲ್ಲೇ ಮುಗಿದಿದ್ದರೆ ಮುಂದಿನ ಮೂರು ಎ-ಎ-ಟಿ. ಅದೇ ಅಕ್ಷರ ಬದಲಿಸಿದರೆ ಎ-ಜಿ-ಟಿ. ಆಸ್ಪರಜಿನ್ ಹೋಗಿ ಸೆರಿನ್ ಬಂದು ಪ್ರೋಟೀನೇ ಬೇರೆಯಾಗುತ್ತದೆ. ಹಾಗಾಗಿ ತಿದ್ದಿದ ಸಾಲನ್ನು ಮತ್ತೆ ಪ್ರೋಟೀನಿಗೆ ಅನುವಾದಿಸಿ, ಹಳೆಯದರೊಂದಿಗೆ ತಾಳೆಯಾದರೆ ಮಾತ್ರ ಒಪ್ಪುವಂತೆ ಬರೆದೆವು.

ಉಂಗುರದ ಪರೀಕ್ಷೆಗೆ 2686 ಅಕ್ಷರಗಳ ಪಿಯುಸಿ19 ಪ್ಲಾಸ್ಮಿಡ್ ತೆಗೆದುಕೊಂಡೆವು. ಅದರಲ್ಲಿ ಇಕೋ ಆರ್ ಒನ್ ಕತ್ತರಿಸುವುದು ಒಂದೇ ಕಡೆ. ಆರಂಭವನ್ನು ಒಂದೊಂದೇ ಅಕ್ಷರ ಸರಿಸುತ್ತಾ 2686 ಸಲವೂ ಓಡಿಸಿದೆವು. ಹಳೆಯ ಕೋಡ್ ಐದು ಸಲ 'ಇಲ್ಲ' ಎಂದಿತು. ಹೊಸದು ಪ್ರತಿ ಸಲವೂ 'ಒಂದು' ಎಂದಿತು.