ಮಾಜಿ ಸೈನಿಕರಲ್ಲಿ ಆಘಾತೋತ್ತರ ಒತ್ತಡ: ವ್ಯಕ್ತಿತ್ವ ಪರೀಕ್ಷೆಯನ್ನು ಬಳಸುವ ಕ್ರಮ

ದಾವಣಗೆರೆ, ಚಿತ್ರದುರ್ಗದ ಆಸ್ಪತ್ರೆಗಳಲ್ಲಿ ಕೆಲಸ ಆರಂಭಿಸುತ್ತಿರುವ ಕ್ಲಿನಿಕಲ್ ಸೈಕಾಲಜಿಸ್ಟರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಾರ್ಗಿಲ್‌ನಲ್ಲೋ ಕಾಶ್ಮೀರದ ಗಡಿಯಲ್ಲೋ ಸಾವನ್ನು ಹತ್ತಿರದಿಂದ ಕಂಡು ಊರಿಗೆ ಮರಳಿದ ಸೈನಿಕ, ತನಗೆ ಭಯವಾಗುತ್ತಿದೆ ಎಂದು ಹೇಳಿಕೊಂಡು ಬರುವುದು ಅಪರೂಪ. ನಿದ್ದೆಯಿಲ್ಲ, ಕುಡಿತ ಹೆಚ್ಚಾಗಿದೆ, ಮಕ್ಕಳ ಮೇಲೆ ಸಿಟ್ಟು ಮಾಡುತ್ತಾರೆ ಎಂಬ ದೂರುಗಳೊಂದಿಗೆ ಮನೆಯವರು ಕರೆತರುತ್ತಾರೆ. ಅಂಥವರ ಕೈಗೆ ಮೊದಲ ದಿನವೇ ಪ್ರಶ್ನಾವಳಿಯನ್ನು ಕೊಟ್ಟು ಮೂಲೆಯಲ್ಲಿ ಕೂರಿಸಬೇಡಿ.

ಮೊದಲು ಮಾತುಕತೆಯಾಗಬೇಕು. ಯಾವ ಘಟನೆ ನಡೆಯಿತು, ಅದು ಹೇಗೆ ಮರುಕಳಿಸುತ್ತದೆ, ಯಾವುದನ್ನು ತಪ್ಪಿಸಿಕೊಂಡು ಓಡಾಡುತ್ತಾರೆ ಎಂಬುದನ್ನು ಅವರ ಮಾತಿನಲ್ಲೇ ಕೇಳಿ ಬರೆದುಕೊಳ್ಳಿ. ಕಲ್ಲುಗಣಿಯ ಸ್ಫೋಟ, ದೀಪಾವಳಿಯ ಪಟಾಕಿ, ಜಾತ್ರೆಯ ಜನಸಂದಣಿ ಇವುಗಳನ್ನು ಹೆಸರು ಹಿಡಿದೇ ವಿಚಾರಿಸಿ. ಮಾನಸಿಕ ಕಾಯಿಲೆಗಳ ನಿರ್ಣಯದ ಕೈಪಿಡಿಯಾದ ಡಿಎಸ್‌ಎಂ-5ರ ಪ್ರಕಾರ, ಆಘಾತೋತ್ತರ ಒತ್ತಡದ ಕಾಯಿಲೆ (ಪಿಟಿಎಸ್‌ಡಿ) ಎನ್ನಲು ಆಘಾತದ ಘಟನೆ ಖಚಿತವಾಗಿರಬೇಕು. ನಾಲ್ಕು ಗುಂಪುಗಳಲ್ಲಿ ಹಂಚಿಹೋಗಿರುವ 20 ಲಕ್ಷಣಗಳಲ್ಲಿ ನಿಗದಿಯಾದಷ್ಟು ಒಂದು ತಿಂಗಳಿಗೂ ಮೀರಿ ಇರಬೇಕು. ಬದುಕಿಗೆ ಅವುಗಳಿಂದ ತೊಂದರೆಯಾಗುತ್ತಿರಬೇಕು. ಪಿಸಿಎಲ್-5 ಎಂಬ 20 ಪ್ರಶ್ನೆಗಳ ಪಟ್ಟಿ ಇದೇ ಲಕ್ಷಣಗಳನ್ನು 0ಯಿಂದ 80ರವರೆಗಿನ ಅಂಕದಲ್ಲಿ ಅಳೆಯುತ್ತದೆ. 31ರಿಂದ 33ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಮೇಲೆ ಅಂಕ ಬಂದರೆ ವಿವರವಾದ ಸಂದರ್ಶನ ಮಾಡಲೇಬೇಕು. ರೋಗನಿರ್ಣಯವು ಸಂದರ್ಶನದಿಂದಲೇ ಬರಬೇಕು, ವ್ಯಕ್ತಿತ್ವ ಪರೀಕ್ಷೆಯಿಂದಲ್ಲ.

ಹಾಗಾದರೆ ವ್ಯಕ್ತಿತ್ವ ಪರೀಕ್ಷೆ ಏಕೆ ಬೇಕು? ಒತ್ತಡದ ಜೊತೆಗೆ ಖಿನ್ನತೆ, ಸಂಶಯ, ಮದ್ಯದ ಚಟ, ದೇಹದ ನೋವುಗಳು ಎಷ್ಟರಮಟ್ಟಿಗೆ ಬೆರೆತಿವೆ, ವ್ಯಕ್ತಿ ಪ್ರಶ್ನೆಗಳಿಗೆ ಯಾವ ಮನೋಭಾವದಿಂದ ಉತ್ತರಿಸಿದ್ದಾರೆ ಎಂಬುದು ಲಕ್ಷಣಗಳ ಪಟ್ಟಿಯಿಂದ ತಿಳಿಯುವುದಿಲ್ಲ. 1989ರಲ್ಲಿ ಪ್ರಕಟವಾದ ಎಂಎಂಪಿಐ-2 ಎಂಬ ವ್ಯಕ್ತಿತ್ವ ಪರೀಕ್ಷೆಯಲ್ಲಿ 'ಸರಿ' ಅಥವಾ 'ತಪ್ಪು' ಎಂದು ಉತ್ತರಿಸಬೇಕಾದ 567 ಹೇಳಿಕೆಗಳಿವೆ. ಅದರಲ್ಲಿರುವ, ಆಘಾತದ ಒತ್ತಡವನ್ನು ಅಳೆಯುವ ಪಿಕೆ ಎಂಬ 46 ಹೇಳಿಕೆಗಳ ಮಾಪನವು, 1984ರಲ್ಲಿ ಕೀನ್ ಮತ್ತು ಸಂಗಡಿಗರು ಅಮೆರಿಕದ ವಿಯೆಟ್ನಾಂ ಯುದ್ಧದ ಮಾಜಿ ಸೈನಿಕರನ್ನು ಅಧ್ಯಯನ ಮಾಡಿ ರೂಪಿಸಿದ ಮಾಪನದಿಂದ ಬಂದದ್ದು. ಅದರಲ್ಲಿ ಟಿ ಅಂಕ (ಸರಾಸರಿ 50 ಆಗುವಂತೆ ಹೊಂದಿಸಿದ ಅಂಕ) 65 ದಾಟಿದರೆ ಗಮನಿಸಬೇಕು; ಆದರೆ ಬರೀ ಖಿನ್ನತೆಯಿಂದಲೂ ಆ ಅಂಕ ಏರುವುದರಿಂದ, ಅದೊಂದನ್ನೇ ಹಿಡಿದು ಪಿಟಿಎಸ್‌ಡಿ ಎಂದು ಬರೆಯುವುದು ತಪ್ಪಾಗುತ್ತದೆ. ಪಿಎಐ ಎಂಬ 344 ಹೇಳಿಕೆಗಳ ಪರೀಕ್ಷೆಯಲ್ಲೂ ಆಘಾತದ ಒತ್ತಡಕ್ಕೆ ಮೀಸಲಾದ ಉಪಮಾಪನವಿದೆ.

ಎಂಎಂಪಿಐ-2 ಪರೀಕ್ಷೆಯನ್ನು ಎರಡು ಬಾರಿಗೆ ಹಂಚುವುದು ಲೇಸು, ಏಕೆಂದರೆ ಒಂದೂವರೆ ಗಂಟೆ ಏಕಾಗ್ರತೆಯಿಂದ ಕುಳಿತುಕೊಳ್ಳುವುದೇ ನಿದ್ದೆಗೆಟ್ಟವರಿಗೆ ಕಷ್ಟ. ಇಂಗ್ಲಿಷ್ ಹೇಳಿಕೆಗಳನ್ನು ಅಲ್ಲೇ ಕನ್ನಡಕ್ಕೆ ತಿರುಗಿಸಿ ಓದಿ ಹೇಳಬೇಡಿ. ಒಂದು 'ಇಲ್ಲ' ಆಚೀಚೆಯಾದರೂ ಅಂಕ ಬದಲಾಗುತ್ತದೆ. ಓದಲು ತೊಡಕಿರುವವರಿಗೆ ಈ ಪರೀಕ್ಷೆಯನ್ನು ಕೈಬಿಟ್ಟು ಸಂದರ್ಶನವನ್ನೇ ಆಳಗೊಳಿಸಿ. ಇದರ ಅಂಕಗಳನ್ನು ಹೋಲಿಸಿ ನೋಡುವ ಮಾನದಂಡಗಳನ್ನು 2,600 ಅಮೆರಿಕನ್ನರ ಉತ್ತರಗಳಿಂದ ಸಿದ್ಧಪಡಿಸಲಾಗಿದೆ ಎಂಬುದನ್ನೂ ಮರೆಯಬಾರದು. ಮೈಮೇಲೆ ದೇವರು ಬರುವುದನ್ನು ಚಿಕ್ಕಂದಿನಿಂದ ಕಂಡವರು ವಿಚಿತ್ರ ಅನುಭವಗಳ ಬಗೆಗಿನ ಹೇಳಿಕೆಗೆ 'ಸರಿ' ಎಂದಿದ್ದರೆ, ಏಕೆ ಹಾಗೆಂದರು ಎಂದು ಕೇಳಿ ತಿಳಿಯದೆ ಅದನ್ನು ಭ್ರಮೆಯ ಲೆಕ್ಕಕ್ಕೆ ಹಾಕುವುದು ಅನ್ಯಾಯ.

ಫಲಿತಾಂಶ ಓದುವಾಗ ಮೊದಲು ಉತ್ತರಗಳು ಎಷ್ಟು ನಂಬಲರ್ಹ ಎಂದು ತೋರಿಸುವ ಸಿಂಧುತ್ವದ ಮಾಪನಗಳನ್ನು ನೋಡಿ. 30 ಅಥವಾ ಅದಕ್ಕಿಂತ ಹೆಚ್ಚು ಹೇಳಿಕೆಗಳಿಗೆ ಉತ್ತರವಿಲ್ಲದಿದ್ದರೆ ಮುಂದುವರಿಯಬೇಡಿ. ಬಳಿಕ, ಸಾಮಾನ್ಯ ಜನ ವಿರಳವಾಗಿ ಒಪ್ಪುವ ಹೇಳಿಕೆಗಳ ಎಫ್ ಮಾಪನ. ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ: ಯುದ್ಧದ ಆಘಾತದಿಂದ ನಿಜವಾಗಿಯೂ ನರಳುತ್ತಿರುವವರಲ್ಲೂ ಎಫ್ ಬಹಳ ಮೇಲಿರುತ್ತದೆ. ಅದನ್ನು ಕಂಡ ಕೂಡಲೇ ಅಂಗವೈಕಲ್ಯ ಪಿಂಚಣಿಗಾಗಿ ನಾಟಕವಾಡುತ್ತಿದ್ದಾರೆ ಎಂದು ತೀರ್ಮಾನಿಸಿದರೆ, ದೇಶಕ್ಕಾಗಿ ಜೀವ ಪಣಕ್ಕಿಟ್ಟವರ ಮೇಲೆ ಸುಳ್ಳುಗಾರರೆಂಬ ಮುದ್ರೆ ಬೀಳುತ್ತದೆ. ಮಾನಸಿಕ ರೋಗಿಗಳೂ ವಿರಳವಾಗಿ ಒಪ್ಪುವ ಹೇಳಿಕೆಗಳಿಂದ ರಚಿಸಿದ ಎಫ್‌ಪಿ ಮಾಪನ ಈ ಸಂದರ್ಭದಲ್ಲಿ ಹೆಚ್ಚು ನಂಬಲರ್ಹ. ಅದೂ ಏರಿದ್ದರೆ ಸೇವಾ ದಾಖಲೆ, ಪತ್ನಿಯ ಮಾತು, ಹಿಂದಿನ ಚಿಕಿತ್ಸೆಯ ಕಾಗದಗಳೊಂದಿಗೆ ತಾಳೆ ನೋಡಿ. ಇದಕ್ಕೆ ವಿರುದ್ಧವಾದ ಸಾಧ್ಯತೆಯೂ ಇದೆ. ನಿವೃತ್ತಿಯ ನಂತರ ಬ್ಯಾಂಕಿನಲ್ಲಿ ಬಂದೂಕು ಹಿಡಿದು ಕಾವಲಿಗೆ ನಿಂತವರು ಕೆಲಸವೂ ಪರವಾನಗಿಯೂ ಹೋದೀತೆಂಬ ಅಂಜಿಕೆಯಿಂದ ಕಷ್ಟವನ್ನು ಮುಚ್ಚಿಡಬಹುದು. ಆಗ ಇಂಥ ಮುಚ್ಚಿಡುವಿಕೆಯನ್ನು ಸೂಚಿಸುವ ಎಲ್ ಮತ್ತು ಕೆ ಮಾಪನಗಳು ಏರಿ, ಉಳಿದವೆಲ್ಲ ಸಮತಟ್ಟಾಗಿ ಕಾಣುತ್ತವೆ. ಅಂಥ ಅಂಕಗಳ ನಕ್ಷೆಯನ್ನು ಆರೋಗ್ಯದ ಪ್ರಮಾಣಪತ್ರವೆಂದು ಓದಬೇಡಿ. ವರದಿ ಯಾರ ಕೈ ಸೇರುತ್ತದೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಗೆ ಯಾವ ರಕ್ಷಣೆ ಕೊಡುತ್ತದೆ ಎಂಬುದನ್ನು ಪರೀಕ್ಷೆಗೆ ಮುನ್ನವೇ ಬಿಡಿಸಿ ಹೇಳಿದರೆ ಈ ಅಂಜಿಕೆ ಬಹುಮಟ್ಟಿಗೆ ಇಳಿಯುತ್ತದೆ.

ಸಾಯುವ ಯೋಚನೆಗೆ ಸಂಬಂಧಿಸಿದ ಹೇಳಿಕೆಗಳಿಗೆ ಕೊಟ್ಟ ಉತ್ತರವನ್ನು ಅಂಕ ಲೆಕ್ಕ ಹಾಕುವವರೆಗೆ ಕಾಯದೆ ಅದೇ ದಿನ ಓದಿ, ನೇರವಾಗಿ ಕೇಳಿ. ಮನೆಯಲ್ಲಿ ಬಂದೂಕು ಅಥವಾ ಕೀಟನಾಶಕ ಇದೆಯೇ ಎಂದು ವಿಚಾರಿಸಿ, ಮನೋವೈದ್ಯರಿಗೆ ಆಗಲೇ ತಿಳಿಸಿ, ರಾತ್ರಿಯ ಹೊತ್ತಿಗೆಂದು ಟೆಲಿ ಮಾನಸ್ ಸಹಾಯವಾಣಿ 14416ನ್ನು ಬರೆದುಕೊಡಿ. ವರದಿಯಲ್ಲಿ ಸಂದರ್ಶನದ ತೀರ್ಮಾನವನ್ನು ಮೊದಲಿಗೂ, ಪರೀಕ್ಷೆಯ ಅಂಕಗಳನ್ನು ಅದಕ್ಕೆ ಪೂರಕವಾಗಿ ನಂತರಕ್ಕೂ ಇಡಿ. ಕನ್ನಡಿಗರಿಗೆ ಹೊಂದಿಸಿದ ಮಾನದಂಡಗಳನ್ನು ಬಳಸಿಲ್ಲವಾದರೆ ಅದನ್ನು ಸ್ಪಷ್ಟವಾಗಿ ನಮೂದಿಸಿ. ವರದಿಯನ್ನು ಕಳುಹಿಸುವ ಮೊದಲು ಆ ಸೈನಿಕರನ್ನು ಕರೆದು, ಅವರು ಒಪ್ಪಿದರೆ ಮನೆಯವರನ್ನೂ ಕೂರಿಸಿಕೊಂಡು, ಪ್ರತಿಯೊಂದು ತೀರ್ಮಾನವನ್ನೂ ಆಡುಮಾತಿನಲ್ಲಿ ವಿವರಿಸಿ, ಅವರು ಒಪ್ಪದ ಅಂಶಗಳನ್ನು ವರದಿಯಲ್ಲಿ ಅವರ ಮಾತಿನಲ್ಲೇ ಸೇರಿಸಿ.